ಹಳೇ ಕಾರು: ಇಟ್ಟುಕೊಳ್ಳೋಣವೇ, ಬಿಡೋಣವೇ?



ಈ ವರ್ಷ (2025) ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಒಬ್ಬ ಮಿತ್ರರು ಕೇಳಿದರು: "ಏನ್ ಸಾರ್, ಇನ್ನೂ ಅದೇ ಗಾಡೀಲಿ ಬಂದಿದೀರಾ?" ಕೇಳಿದ್ದು ತಮಾಷೆಗೆ. ಆದರೆ ಹೋಳಿಗೆ ತಿನ್ನುವಾಗ ಅದೇ ಮೇಜಿನಲ್ಲಿ ಇನ್ನೂ ಮೂರು ಮನೆಯವರು ಇದೇ ವಿಷಯ ತೆಗೆದರು. ಒಬ್ಬರ ಬಳಿ 2009ರ ವ್ಯಾನ್, ಇನ್ನೊಬ್ಬರ ಬಳಿ 2011ರ ಸೆಡಾನ್. ಎಲ್ಲರಿಗೂ ಒಂದೇ ಗೊಂದಲ: ಗಾಡಿ ಚೆನ್ನಾಗೇ ಓಡುತ್ತಿದೆ, ಆದರೆ ಇನ್ನೆಷ್ಟು ದಿನ? ನಾನು ಈ ಚಳಿಗಾಲದಲ್ಲಿ ಇದರ ಲೆಕ್ಕ ಹಾಕುತ್ತ ತಲೆ ಕೆಡಿಸಿಕೊಂಡಿದ್ದೆ ಎಂದು ತಿಳಿದ ಸಂಪಾದಕರು ಬರೆದುಕೊಡಿ ಎಂದರು. ನಾನು ಮೆಕ್ಯಾನಿಕ್ ಅಲ್ಲ, ಹಣಕಾಸಿನ ಪಂಡಿತನೂ ಅಲ್ಲ. ಹತ್ತೊಂಬತ್ತು ವರ್ಷ ಒಂದೇ ಕಾರು ಓಡಿಸಿದವನು, ಅಷ್ಟೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಮ್ಮದು 2006ರ ಮಾಡೆಲ್. ಜಪಾನಿನ ಕಂಪನಿಯ ನಾಲ್ಕು ಸಿಲಿಂಡರಿನ ಸೆಡಾನ್. ಹೆಸರು ಬೇಡ, ಆ ಕಾಲದಲ್ಲಿ ನಮ್ಮವರಲ್ಲಿ ಅರ್ಧ ಜನರ ಮನೆ ಮುಂದೆ ಅದೇ ನಿಂತಿರುತ್ತಿತ್ತು, ಪಾರ್ಕಿಂಗ್ ಲಾಟಿನಲ್ಲಿ ಯಾರದು ಯಾವುದು ಎಂದು ಹುಡುಕಬೇಕಾಗುತ್ತಿತ್ತು. ಈ ದೇಶಕ್ಕೆ ಬಂದು ಮೂರನೆಯ ವರ್ಷ, 19,400 ಡಾಲರ್ ಕೊಟ್ಟು ಕೊಂಡಿದ್ದು. 2009ರಲ್ಲಿ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಅದರಲ್ಲೇ. ಈಗ 2,14,000 ಮೈಲಿ ಆಗಿದೆ. ಅಂದರೆ ಭೂಮಿಯನ್ನು ಎಂಟೂವರೆ ಸುತ್ತು ಹಾಕಿದಷ್ಟು. ಮಗಳಿಗೆ ಈಗ ಹದಿನಾರು. ಓಹಾಯೋದಲ್ಲಿ ಲೈಸೆನ್ಸ್ ಸಿಗುವ ವಯಸ್ಸು.

ನಮ್ಮ ತಂದೆಯವರ ಎಜ್ಡಿ

ಹಳೇ ಗಾಡಿ ಬಿಡದ ಗುಣ ನಮ್ಮ ಮನೆತನದ್ದೇ ಇರಬೇಕು. ಮೈಸೂರಿನಲ್ಲಿ ನಮ್ಮ ತಂದೆಯವರು 1981ರಲ್ಲಿ ಎಜ್ಡಿ ಮೋಟಾರ್‌ಸೈಕಲ್ ಕೊಂಡರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ ಗಾಡಿ. ಊರಿನದೇ ಮಗು ಎಂಬ ಅಭಿಮಾನ ಬೇರೆ. ಓಡಿಸಿದವರಿಗೆ ನೆನಪಿರಬಹುದು: ಅದರಲ್ಲಿ ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್. ಕಿಕ್ ಹೊಡೆದು ಮಡಚಿದರೆ ಅದೇ ಗೇರ್. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಬೆರೆಸಿ ಹಾಕಿಸಬೇಕು, ಹೊರಟರೆ ಬೀದಿಯ ಕೊನೆಯವರೆಗೂ ಹೊಗೆ ಮತ್ತು ಸದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅಂಗಡಿ ಅಂಗಡಿ ವಿಚಾರಿಸಬೇಕಾಯಿತು. ಆದರೂ ತಂದೆಯವರು ಬಿಡಲಿಲ್ಲ. ಒಂದು ಚಿಕ್ಕ ನೋಟ್‌ಪುಸ್ತಕದಲ್ಲಿ ಪ್ರತಿಯೊಂದು ಖರ್ಚನ್ನೂ ಬರೆಯುತ್ತಿದ್ದರು: ಕ್ಲಚ್ ಪ್ಲೇಟ್ ಇಷ್ಟು, ಚೈನ್ ಇಷ್ಟು, ಪಂಕ್ಚರ್ ಇಷ್ಟು.

2008ರಲ್ಲಿ ಒಂದು ದಿನ ಫೋನ್ ಮಾಡಿ "ಎಜ್ಡಿ ಕೊಟ್ಟುಬಿಟ್ಟೆ ಕಣೋ" ಎಂದರು. ಯಾಕಪ್ಪಾ, ಎಂಜಿನ್ ಹೋಯಿತೇ ಎಂದೆ. "ಎಂಜಿನ್ ಸರಿಯಾಗೇ ಇದೆ. ನನ್ನ ಮಂಡಿ ಹೋಯ್ತು. ಕಿಕ್ ಹೊಡೆಯಕ್ಕೆ ಆಗಲ್ಲ" ಎಂದರು. ಆಗ ನಕ್ಕೆ. ಗಾಡಿ ಸರಿಯಾಗಿದೆಯೇ ಎಂಬುದು ಒಂದು ಪ್ರಶ್ನೆ, ಓಡಿಸುವವರಿಗೆ ಅದು ಸರಿಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ ಎಂಬುದು ನನಗೆ ಅರ್ಥವಾಗಲು ಈ ಜನವರಿ ಬರಬೇಕಾಯಿತು.

ಜನವರಿಯ ಆ ರಾತ್ರಿ

ಸಂಕ್ರಾಂತಿಗೆ ಸ್ನೇಹಿತರ ಮನೆಗೆ ಎಳ್ಳು ಬೀರಲು ನನ್ನಾಕೆ ಮತ್ತು ಮಗಳು ಹೋಗಿದ್ದರು. ನಾನು ಆಫೀಸಿನ ಕೆಲಸವೆಂದು ಮನೆಯಲ್ಲೇ ಉಳಿದಿದ್ದೆ. ವಾಪಸು ಬರುವಾಗ ಕೊಲಂಬಸ್ಸಿನ ಸುತ್ತು ಹೆದ್ದಾರಿಯಲ್ಲಿ ಮೊದಲು ರೇಡಿಯೋ ನಿಂತಿತು, ಆಮೇಲೆ ಹೆಡ್‌ಲೈಟ್ ಮಂಕಾಯಿತು, ಆಮೇಲೆ ಎಂಜಿನ್ನೇ ನಿಂತಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ್ದಾರೆ. ಹೊರಗೆ ಮೈ ಕೊರೆಯುವ ಚಳಿ. ಪಕ್ಕದಲ್ಲೇ ದೊಡ್ಡ ಲಾರಿಗಳು ಹೋದಾಗಲೆಲ್ಲ ಕಾರು ಅಲುಗಾಡುತ್ತಿತ್ತಂತೆ. ಬ್ಯಾಟರಿ ಸತ್ತಿದ್ದರಿಂದ ಅಪಾಯದ ದೀಪವೂ ಸರಿಯಾಗಿ ಮಿನುಗುತ್ತಿರಲಿಲ್ಲ. ಎಳೆದೊಯ್ಯುವ ಟ್ರಕ್ ಬರಲು ಐವತ್ತು ನಿಮಿಷ ಹಿಡಿಯಿತು. ನಾನು ವ್ಯಾನ್ ತೆಗೆದುಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಇಬ್ಬರೂ ನಡುಗುತ್ತಿದ್ದರು.

ಹೋಗಿದ್ದು ಆಲ್ಟರ್ನೇಟರ್. ಬ್ಯಾಟರಿಯ ಕೆಲಸ ಮುಖ್ಯವಾಗಿ ಕಾರು ಸ್ಟಾರ್ಟ್ ಮಾಡುವುದು. ಓಡುವಾಗ ವಿದ್ಯುತ್ ಕೊಡುವುದು ಮತ್ತು ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರ್. ಅದು ಸೋತರೆ ಬ್ಯಾಟರಿಯಲ್ಲಿ ಇದ್ದಷ್ಟು ಹೊತ್ತು ಕಾರು ಓಡುತ್ತದೆ, ಮುಗಿದಲ್ಲಿ ನಿಲ್ಲುತ್ತದೆ. ಗಾಡಿಯನ್ನು ಬೈಯುವ ಹಾಗಿಲ್ಲ. ಎರಡು ದಿನ ಮುಂಚೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಒಮ್ಮೆ ಹತ್ತಿ ಆರಿದ್ದನ್ನು ನಾನೇ ನೋಡಿದ್ದೆ. ಶನಿವಾರ ನೋಡೋಣ ಎಂದು ಬಿಟ್ಟಿದ್ದೆ. ಹಳೇ ಕಾರು ಇಟ್ಟುಕೊಂಡವರಿಗೆ ಆ 'ಶನಿವಾರ ನೋಡೋಣ' ಸಲ್ಲದು. ದೀಪ ಹತ್ತಿದ ದಿನವೇ ನೋಡಬೇಕು.

ರಿಪೇರಿಗೆ 620 ಡಾಲರ್ ಆಯಿತು. ನಾನು ಎಂದಿನಂತೆ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. (ಹೌದು, ತಂದೆಯವರಂತೆ ನಾನೂ ಬರೆದಿಡುತ್ತೇನೆ.) ನನ್ನಾಕೆ ನೋಡಿ, "ರಿಪೇರಿ ಖರ್ಚೆಲ್ಲ ನಿಮ್ಮ ಪುಸ್ತಕದಲ್ಲಿದೆ. ಆ ಐವತ್ತು ನಿಮಿಷ ಯಾವ ಪುಟದಲ್ಲಿ ಬರೆದಿದ್ದೀರಿ?" ಎಂದಳು. ಉತ್ತರ ಇರಲಿಲ್ಲ.

ಲೆಕ್ಕಕ್ಕೆ ಬರೋಣ

ಮಾರ್ಚಿನಲ್ಲಿ ಪೂರ್ತಿ ತಪಾಸಣೆಗೆ ಬಿಟ್ಟಾಗ ಬಂದ ಪಟ್ಟಿ 2,850 ಡಾಲರಿನದು. ಕೆಲ್ಲಿ ಬ್ಲೂ ಬುಕ್‌ನಲ್ಲಿ ನೋಡಿದರೆ ಇಡೀ ಕಾರಿನ ಬೆಲೆಯೇ ಸುಮಾರು 2,800. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾದರೆ ಬಿಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಸಂಘದಲ್ಲಿ ಕನಿಷ್ಠ ನಾಲ್ಕು ಜನ ನನಗೆ ಹೇಳಿದ್ದಾರೆ. ಕೇಳಲು ಸರಿಯೆನಿಸುತ್ತದೆ, ಆದರೆ ಈ ಸೂತ್ರ ತಪ್ಪು ಎಂದು ನನ್ನ ಅಭಿಪ್ರಾಯ. ಮಾರುವವನಿಗೆ ಕಾರಿನ ಮಾರುಕಟ್ಟೆ ಬೆಲೆ ಮುಖ್ಯ. ಓಡಿಸುವವನಿಗೆ ಮುಖ್ಯವಾದದ್ದು, ಇದನ್ನು ಇಟ್ಟುಕೊಂಡರೆ ಮುಂದಿನ ಒಂದು ವರ್ಷಕ್ಕೆ ಎಷ್ಟು ಖರ್ಚು, ಇದರ ಬದಲು ಇನ್ನೊಂದು ತಂದರೆ ಒಂದು ವರ್ಷಕ್ಕೆ ಎಷ್ಟು ಖರ್ಚು ಎಂಬುದು. 2,800ರ ಗಾಡಿಗೆ 2,850 ಹಾಕುವುದು ದಡ್ಡತನದಂತೆ ಕಂಡರೂ, ಅದರಿಂದ ಎರಡು ವರ್ಷ ಓಡಿದರೆ ಅದು ವರ್ಷಕ್ಕೆ 1,425 ಡಾಲರ್, ಅಷ್ಟೇ.

ಹಾಗಾದರೆ ನಮ್ಮ ಲೆಕ್ಕ. ಪುಸ್ತಕದ ಪ್ರಕಾರ 2020ರಲ್ಲಿ ರಿಪೇರಿಗೆ 410 ಡಾಲರ್, 2021ರಲ್ಲಿ 1,180, 2022ರಲ್ಲಿ 760, 2023ರಲ್ಲಿ 1,340, 2024ರಲ್ಲಿ 1,510. ಐದು ವರ್ಷಕ್ಕೆ 5,200, ಸರಾಸರಿ ವರ್ಷಕ್ಕೆ 1,040. ಮೊತ್ತ ಏರುತ್ತಿದೆ ಎಂಬುದನ್ನೂ ಗಮನಿಸಿ.

ಹೊಸದು ತಂದರೆ? ಅಮೆರಿಕದಲ್ಲಿ ಹೊಸ ಕಾರಿನ ಸರಾಸರಿ ಬೆಲೆ 2025ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ 50,000 ಡಾಲರ್ ದಾಟಿತು. ನಮಗೆ ಅಷ್ಟು ದೊಡ್ಡದು ಬೇಡ. ಸಾಧಾರಣ ಹೈಬ್ರಿಡ್ ಸೆಡಾನ್, ತೆರಿಗೆ ನೋಂದಣಿ ಎಲ್ಲ ಸೇರಿ 32,000 ಎಂದಿಟ್ಟುಕೊಂಡೆ. ಹತ್ತು ವರ್ಷ ಓಡಿಸಿ 8,000ಕ್ಕೆ ಮಾರಿದೆ ಎನ್ನಿ. ಸವಕಳಿ 24,000, ವರ್ಷಕ್ಕೆ 2,400. ಕೈಯಿಂದ 5,000 ಕೊಟ್ಟು ಉಳಿದ 27,000ಕ್ಕೆ ಶೇ. 6.5ರಂತೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 528, ಒಟ್ಟು ಬಡ್ಡಿ ಸುಮಾರು 4,700. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 470. ವಿಮೆ ವರ್ಷಕ್ಕೆ 600 ಹೆಚ್ಚು. ಹೊಸದಾದರೂ ಟೈರು, ಬ್ರೇಕು ಇದ್ದೇ ಇದೆ, ಸರಾಸರಿ 400. ಒಟ್ಟು 3,870.

ಪೆಟ್ರೋಲಿನಲ್ಲಿ ಉಳಿಯುತ್ತದಲ್ಲ ಎನ್ನುತ್ತೀರಿ. ಉಳಿಯುತ್ತದೆ. ವರ್ಷಕ್ಕೆ 12,000 ಮೈಲಿ, ಹಳೆಯದು ಗ್ಯಾಲನ್ನಿಗೆ 26 ಮೈಲಿ, ಹೈಬ್ರಿಡ್ 45. ಗ್ಯಾಲನ್ನಿಗೆ 3.10 ಡಾಲರಿನಂತೆ ವರ್ಷಕ್ಕೆ ಸುಮಾರು 600 ಉಳಿತಾಯ. ಅದನ್ನು ಹಳೇ ಕಾರಿನ ಖರ್ಚಿಗೆ ಸೇರಿಸಿದೆ. ಜೊತೆಗೆ ಈ 2,850ನ್ನು ಎರಡು ವರ್ಷಕ್ಕೆ ಹಂಚಿ, ಅದರ ಮೇಲೆ ಮಾಮೂಲು 1,040ನ್ನೂ ಬಿಡದೆ ಕೂಡಿದೆ. ಒಟ್ಟು 3,065. ಅಂದರೆ ಎಲ್ಲ ರಿಪೇರಿ ಮಾಡಿಸಿದರೂ ಹಳೆಯದೇ ವರ್ಷಕ್ಕೆ 800 ಡಾಲರ್ ಅಗ್ಗ.

ಇಲ್ಲೊಂದು ಮಾತು. ಮೈಲೇಜಿನ ಲೆಕ್ಕದಲ್ಲಿ ನಾವೆಲ್ಲ ಮೋಸ ಹೋಗುತ್ತೇವೆ. 30 ಮೈಲಿಯ ಕಾರು ಬಿಟ್ಟು 40 ಮೈಲಿಯದು ತಂದರೆ ದೊಡ್ಡ ಉಳಿತಾಯ ಎನಿಸುತ್ತದೆ. 12,000 ಮೈಲಿಗೆ ಉಳಿಯುವುದು 100 ಗ್ಯಾಲನ್. 15 ಮೈಲಿಯ ದೊಡ್ಡ ಎಸ್‌ಯುವಿ ಬಿಟ್ಟು 20 ಮೈಲಿಯದು ತಂದರೆ 200 ಗ್ಯಾಲನ್! ಮನೆಯಲ್ಲಿ ಎರಡು ಗಾಡಿ ಇದ್ದರೆ ಮೊದಲು ಬದಲಿಸಬೇಕಾದದ್ದು ಹೆಚ್ಚು ಕುಡಿಯುವ ಗಾಡಿ, ಹೆಚ್ಚು ಹಳೆಯ ಗಾಡಿ ಅಲ್ಲ.

ಮೂರು ವರ್ಷ ಹಳೆಯದು ತಗೊಳ್ಳಿ, ಅದೇ ಜಾಣತನ ಎಂಬುದು ಇನ್ನೊಂದು ಸಲಹೆ. ಹೊಸ ಕಾರು ಮೊದಲ ವರ್ಷದಲ್ಲೇ ಸುಮಾರು ಐದನೆಯ ಒಂದು ಭಾಗ ಬೆಲೆ ಕಳೆದುಕೊಳ್ಳುತ್ತದೆ, ಆ ನಷ್ಟವನ್ನು ಬೇರೆಯವರು ಹೊರಲಿ ಎಂಬುದು ಇದರ ಹಿಂದಿನ ತರ್ಕ. ನಾನೂ ಬಹಳ ವರ್ಷ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ಆದರೆ 2021-22ರ ಚಿಪ್ ಕೊರತೆಯಲ್ಲಿ ಹಳೇ ಕಾರುಗಳ ಬೆಲೆ ವಿಪರೀತ ಏರಿತು, ಆಮೇಲೆ ಇಳಿದರೂ ಮೊದಲಿನ ಮಟ್ಟಕ್ಕೆ ಬರಲಿಲ್ಲ. ನಾನು ನೋಡಿದ ಮೂರು ವರ್ಷದ ಹೈಬ್ರಿಡ್‌ಗೆ 24,000 ಕೇಳಿದರು. ಅದನ್ನು ಏಳು ವರ್ಷ ಓಡಿಸಿ ಅದೇ 8,000ಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ ಸುಮಾರು 2,290. ಹೊಸದಕ್ಕೆ 2,400. ಉಳಿತಾಯ ನೂರು ಚಿಲ್ಲರೆ ಡಾಲರ್. ಹಳೇ ಕಾರಿನ ಸಾಲಕ್ಕೆ ಬಡ್ಡಿ ಹೆಚ್ಚು, ಅದರಲ್ಲಿ ಇದೂ ಕೊಚ್ಚಿಹೋಗುತ್ತದೆ. ಎಲ್ಲ ಮಾಡೆಲ್ಲುಗಳೂ ಹೀಗಲ್ಲ. ಬೇಗ ಬೆಲೆ ಕಳೆದುಕೊಳ್ಳುವ ಗಾಡಿಗಳಲ್ಲಿ ಇಂದಿಗೂ ಒಳ್ಳೆಯ ಲಾಭವಿದೆ. ಆದರೆ ನಮ್ಮವರು ಮುಗಿಬೀಳುವ ಎರಡು ಮೂರು ಮಾಡೆಲ್ಲುಗಳಲ್ಲಿ ಅಷ್ಟಿಲ್ಲ. ಎಲೆಕ್ಟ್ರಿಕ್ ಕಾರಿನ ಬಗ್ಗೆಯೂ ಯೋಚಿಸಿದೆ. ಹೊಸದಕ್ಕೆ ಇದ್ದ 7,500 ಡಾಲರಿನ ಫೆಡರಲ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಲೆಕ್ಕ ಬೇರೆಯೇ, ಅದನ್ನು ಬಲ್ಲವರು ಬರೆದರೆ ನಾನೂ ಓದುತ್ತೇನೆ.

ಲೆಕ್ಕ ಹಾಕುವಾಗ ನಾನೇ ಒಂದು ತಪ್ಪು ಮಾಡುತ್ತಿದ್ದೆ. "ಹೋದ ವರ್ಷ ತಾನೇ ನಾಲ್ಕೂ ಟೈರ್ ಹಾಕಿಸಿದ್ದೇನೆ, ಈಗ ಹೇಗೆ ಕೊಡುವುದು?" ಹೋದ ವರ್ಷ ಹಾಕಿದ ದುಡ್ಡು ಕಾರು ಇಟ್ಟುಕೊಂಡರೂ ವಾಪಸು ಬರುವುದಿಲ್ಲ, ಕೊಟ್ಟರೂ ಬರುವುದಿಲ್ಲ. ಟೈರ್ ಹೊಸದಿದೆ ಎಂದರೆ ಮುಂದಿನ ಕೆಲವು ವರ್ಷ ಆ ಖರ್ಚಿಲ್ಲ, ಅಷ್ಟು ಮಾತ್ರ ಲೆಕ್ಕಕ್ಕೆ ಬರಬೇಕು.

ಪಟ್ಟಿಯನ್ನು ಒಡೆಯಿರಿ

ನಮ್ಮ ಮೆಕ್ಯಾನಿಕ್ ವಿಯೆಟ್ನಾಮಿನಿಂದ ಬಂದು ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ಹಿರಿಯರು. ಹೊಸ ವೈದ್ಯನಿಗಿಂತ ಹಳೇ ರೋಗಿಯೇ ಮೇಲು ಎಂದು ಗಾದೆಯಿದೆ. ಇವರಂತೂ ಹಳೇ ವೈದ್ಯರು, ಕಾರೂ ಹಳೇ ರೋಗಿ. ಅವರಿಗೆ ನಾನು ಒಂದೇ ಪ್ರಶ್ನೆ ಕೇಳಿದೆ: "ಇದು ನಿಮ್ಮ ಮಗಳು ಓಡಿಸುವ ಕಾರಾಗಿದ್ದರೆ ಇದರಲ್ಲಿ ಯಾವುದನ್ನು ಈವತ್ತೇ ಮಾಡಿಸುತ್ತೀರಿ?" ಅವರು ಪೆನ್ನು ತೆಗೆದು ಪಟ್ಟಿಯನ್ನು ಎರಡು ಭಾಗ ಮಾಡಿದರು. ತುಕ್ಕು ಹಿಡಿದ ಬ್ರೇಕ್ ಪೈಪುಗಳು 780, ಮುಂದಿನ ಚಕ್ರದ ಬಾಲ್ ಜಾಯಿಂಟುಗಳು 540: ಇವೆರಡು ಈವತ್ತೇ. ಸೋರುವ ಎಕ್ಸಾಸ್ಟ್ ಪೈಪು 430, ಹೊಗೆ ಒಳಗೆ ಬರುತ್ತಿಲ್ಲ, ಚಳಿಗಾಲದೊಳಗೆ ಮಾಡಿಸಿದರೆ ಸಾಕು. ಸ್ಟ್ರಟ್‌ಗಳು 1,100, ಸದ್ದು ಮಾಡುತ್ತವೆ, ಆದರೆ ಇನ್ನೂ ಹಿಡಿತ ಬಿಟ್ಟಿಲ್ಲ, ಕಾಯಬಹುದು. ಅಲ್ಲಿಗೆ ಈಗಿನ ಖರ್ಚು 1,320.

ಆಮೇಲೆ ಅವರು ನನ್ನನ್ನು ಲಿಫ್ಟಿನ ಕೆಳಗೆ ಕರೆದುಕೊಂಡು ಹೋದರು. ಇದನ್ನು ಎಲ್ಲರೂ ಒಮ್ಮೆ ನೋಡಬೇಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆಯನ್ನು ತಿನ್ನುತ್ತದೆ. ಮೇಲಿನ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಕೆಳಗೆ ಹಪ್ಪಳವಾಗಿರಬಹುದು. ಅವರು ಸ್ಕ್ರೂಡ್ರೈವರ್ ತೆಗೆದು ಎಂಜಿನ್ ಕೂರುವ ಚೌಕಟ್ಟಿಗೆ ಅಲ್ಲಲ್ಲಿ ಚುಚ್ಚಿ ತೋರಿಸಿದರು. ಟಣ್ ಎಂದು ಸದ್ದು ಬಂದರೆ ಲೋಹ ಗಟ್ಟಿಯಿದೆ. ಚುಚ್ಚಿದ್ದು ಒಳಗೆ ಹೋದರೆ ಆ ಕಾರಿನ ಆಯುಸ್ಸು ಮುಗಿಯಿತು. "ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ತುಕ್ಕಿಗೆ ಮದ್ದಿಲ್ಲ" ಎಂದರು. ನಮ್ಮದು ಇನ್ನೂ ಟಣ್ ಎಂದಿತು, ಒಂದು ಮೂಲೆ ಬಿಟ್ಟು. ಆ ಮೂಲೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆಸಿದರು. ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿರುವ ನೆಂಟರು "ನಮ್ಮ ಕಾರು ಇಪ್ಪತ್ತೈದು ವರ್ಷದಿಂದ ಓಡ್ತಿದೆ" ಎಂದು ಕೊಚ್ಚಿಕೊಂಡರೆ, ಅಲ್ಲಿ ಬಹುಪಾಲು ಊರುಗಳಲ್ಲಿ ಉಪ್ಪಿಲ್ಲ ಎಂಬುದನ್ನು ನೆನಪಿಸಿ.

ಇನ್ನು ಕಾರುಗಳ ಆಯುಸ್ಸಿನ ವಿಷಯ. ಈ ದೇಶದ ರಸ್ತೆಯಲ್ಲಿರುವ ಗಾಡಿಗಳ ಸರಾಸರಿ ವಯಸ್ಸು 2025ರ ಎಸ್ ಆ್ಯಂಡ್ ಪಿ ಗ್ಲೋಬಲ್ ಮೊಬಿಲಿಟಿ ಲೆಕ್ಕದಲ್ಲಿ 12.8 ವರ್ಷ. ಹತ್ತು ವರ್ಷದ ಕಾರಿಟ್ಟುಕೊಂಡವರು ನಾಚಿಕೊಳ್ಳಬೇಕಾಗಿಲ್ಲ. ನ್ಯೂಯಾರ್ಕ್ ರಾಜ್ಯದ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋ ಪಿ1800ಎಸ್ ಕಾರನ್ನು 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದರು. ಕಂಪನಿಯ ಪುಸ್ತಕದಲ್ಲಿ ಹೇಳಿದ್ದನ್ನು ಹೇಳಿದ ಸಮಯಕ್ಕೆ ಮಾಡಿಸಿದೆ ಎಂಬುದು ಅವರ ಉತ್ತರವಾಗಿತ್ತು. ನಮ್ಮಲ್ಲಿ ಎಷ್ಟು ಜನ ಗ್ಲೋವ್ ಬಾಕ್ಸಿನಲ್ಲಿರುವ ಆ ಪುಸ್ತಕ ತೆರೆದಿದ್ದೇವೆ? ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸುವ ಮೈಲಿ ಅದರಲ್ಲೇ ಇರುತ್ತದೆ. ಸಾಮಾನ್ಯವಾಗಿ 60,000ದಿಂದ 1,00,000ದ ನಡುವೆ. ಮರೆತರೆ, ಬೆಲ್ಟ್ ತುಂಡಾದ ದಿನ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವುಗಳೇ ಬಗ್ಗಿಹೋಗುತ್ತವೆ. ಟೈರಿನ ವಯಸ್ಸನ್ನೂ ನೋಡಿ: ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ 3518 ಎಂದಿದ್ದರೆ ಅದು 2018ರ 35ನೆಯ ವಾರದ ಟೈರು. ಹಲ್ಲು ಚೆನ್ನಾಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ವಿಮೆಯ ವಿಷಯದಲ್ಲಿ ಒಂದು ಮಾತು. ಕಾರಿನ ಬೆಲೆ ಇಷ್ಟು ಇಳಿದ ಮೇಲೆ ಅದಕ್ಕೆ ಕೊಲಿಷನ್ ವಿಮೆ ಕಟ್ಟುವುದು ದಂಡ. ನಾನು 2017ರಲ್ಲೇ ನಿಲ್ಲಿಸಿದೆ. ಆದರೆ ಬೇರೆಯವರಿಗೆ ಆಗುವ ಹಾನಿಗೆ ಕೊಡುವ ಲಯಬಿಲಿಟಿ ವಿಮೆಯನ್ನು ಮಾತ್ರ ಕಾರು ಹಳೆಯದೆಂದು ಇಳಿಸಬೇಡಿ. ಹಳೇ ಕಾರು ಗುದ್ದಿದರೂ ಆಸ್ಪತ್ರೆಯ ಬಿಲ್ಲು ಹೊಸದೇ.

ನನ್ನ ಲೆಕ್ಕದಲ್ಲಿ ಇರದಿದ್ದದ್ದು

ಇಷ್ಟೆಲ್ಲ ಹಾಳೆಯಲ್ಲಿ ಬರೆದು, 800 ಡಾಲರ್ ಉಳಿತಾಯದ ಕೆಳಗೆ ಎರಡು ಗೆರೆ ಎಳೆದು, ಹೆಮ್ಮೆಯಿಂದ ನನ್ನಾಕೆಗೆ ತೋರಿಸಿದೆ. "ಹಾಗಾದರೆ ಕಾರು ಇಟ್ಟುಕೊಂಡು ಮಗಳಿಗೆ ಕೊಡೋಣ" ಎಂದೆ. ಆಕೆ ಓದಿ ಮುಗಿಸಿ ಕೇಳಿದಳು: "ಇದರಲ್ಲಿ ಪಕ್ಕದ ಏರ್‌ಬ್ಯಾಗ್ ಇದೆಯಾ?"

ಇರಲಿಲ್ಲ. ಮುಂದೆ ಎರಡು ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಅಷ್ಟೇ. 2006ರಲ್ಲಿ ಪಕ್ಕದ ಪರದೆ ಏರ್‌ಬ್ಯಾಗ್ ಬೇಕೆಂದರೆ ಹೆಚ್ಚು ದುಡ್ಡು ಕೊಡಬೇಕಿತ್ತು. ಇಬ್ಬರೇ ಇದ್ದ ಕಾಲ, ಬೇಡವೆಂದಿದ್ದೆ. ಇನ್ನೊಂದು ಮುಖ್ಯವಾದದ್ದೂ ಇರಲಿಲ್ಲ: ಇಎಸ್‌ಸಿ, ಅಂದರೆ ಕಾರು ಜಾರತೊಡಗಿದಾಗ ಒಂದೊಂದು ಚಕ್ರಕ್ಕೆ ತಾನೇ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುವ ವ್ಯವಸ್ಥೆ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಇದು ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯ. ಒಂಟಿ ವಾಹನದ ಮಾರಣಾಂತಿಕ ಅಪಘಾತಗಳ ಸಾಧ್ಯತೆಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಐಐಎಚ್‌ಎಸ್ ಹೇಳಿದೆ. ಅದೇ ಸಂಸ್ಥೆ ಹದಿಹರೆಯದವರಿಗೆ ಚಿಕ್ಕ ಹಗುರ ಕಾರು ಬೇಡ, ಇಎಸ್‌ಸಿ ಇರಲೇಬೇಕು ಎನ್ನುತ್ತದೆ. ಹಿಮ ಬಿದ್ದ ರಸ್ತೆಯಲ್ಲಿ ಮೊದಲ ವರ್ಷ ಓಡಿಸುವ ಹದಿನಾರರ ಹುಡುಗಿಗೆ ನಾನು ಕೊಡಲು ಹೊರಟಿದ್ದದ್ದು ಇದ್ಯಾವುದೂ ಇಲ್ಲದ ಗಾಡಿ.

ನಂಬದವರು ಒಂದು ವಿಡಿಯೋ ನೋಡಿ. 2009ರಲ್ಲಿ ಐಐಎಚ್‌ಎಸ್ ತನ್ನ ಐವತ್ತನೆಯ ವರ್ಷಕ್ಕೆ 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬುವನ್ನೂ ಎದುರುಬದುರು ಗುದ್ದಿಸಿತು. ಹಳೆಯದು ದಪ್ಪ ಉಕ್ಕಿನ ಉದ್ದನೆಯ ಕಾರು. "ಆಗಿನ ಕಾಲದ ಗಟ್ಟಿತನ ಈಗೆಲ್ಲಿ" ಎನ್ನುವವರಿಗೆ ಹೇಳಿ ಮಾಡಿಸಿದಂಥದ್ದು. ಗುದ್ದಿದಾಗ ಅದರ ಚಾಲಕನ ಜಾಗವೇ ಕುಸಿದುಹೋಯಿತು. ಹೊಸದರಲ್ಲಿ ಮೂತಿ ನಜ್ಜುಗುಜ್ಜಾಯಿತು, ಒಳಗಿನ ಬೊಂಬೆ ಉಳಿಯಿತು. ನಮ್ಮ 2006 ಅಷ್ಟು ಹಳೆಯದಲ್ಲ, ನಿಜ. ಆದರೆ ಅಂದು ಮನೆಯವರೆಲ್ಲ ಕೂತು ಆ ವಿಡಿಯೋ ನೋಡಿದ ಮೇಲೆ ನನ್ನ ಎರಡು ಗೆರೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಹಳೇ ಕಾರು ಇರುವವರೆಲ್ಲ ಈ ವಾರ ಒಂದು ಕೆಲಸ ಮಾಡಿ. ಮುಂದಿನ ಗಾಜಿನ ಮೂಲೆಯಲ್ಲಿ ಕಾಣುವ 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ, ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ಹಾಕಿ ನೋಡಿ. ತಕಾಟಾ ಏರ್‌ಬ್ಯಾಗ್‌ಗಳ ವಿಷಯ ಕೇಳಿರುತ್ತೀರಿ. ಈ ದೇಶದಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗ್‌ಗಳನ್ನು ವಾಪಸು ಕರೆಸಿದ ಪ್ರಕರಣ. ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದಷ್ಟೂ ಅವುಗಳ ಅಪಾಯ ಹೆಚ್ಚು, ಹಾಗಾಗಿ ಹಳೇ ಕಾರುಗಳಲ್ಲೇ ಭಯ ಜಾಸ್ತಿ. ದುರಸ್ತಿ ಉಚಿತ. ಎರಡನೇ ಕೈ, ಮೂರನೇ ಕೈಯಿಂದ ಕೊಂಡ ಗಾಡಿಗಳಿಗೆ ಕಂಪನಿಯ ಪತ್ರ ತಲುಪದೇ ಹೋಗಿರಬಹುದು. ನಮ್ಮದನ್ನು ಹಾಕಿ ನೋಡಿದೆ, ಬಾಕಿ ಏನೂ ಇರಲಿಲ್ಲ. ಸಮಾಧಾನವಾಯಿತು.

ಊರಿನಲ್ಲಿ ಅಪ್ಪ ಅಮ್ಮನ ಕಾರು ನಿಂತಿರುವವರಿಗೆ ಒಂದು ಅಡ್ಡಮಾತು: ಅಲ್ಲಿ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಗಾಡಿಯ ಯೋಗ್ಯತೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ರಜೆಯಲ್ಲಿ ಹೋದಾಗ ಆರ್‌ಸಿ ಪುಸ್ತಕದ ತಾರೀಖು ನೋಡಿ ಬನ್ನಿ. ವಯಸ್ಸಾದವರು ಆರ್‌ಟಿಓ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಕೊನೆಗೆ ನಾವು ಮಾಡಿದ್ದು

ಹೊಸದು ಕೊಳ್ಳಲಿಲ್ಲ. ಮಗಳಿಗೆ ಹಳೆಯದನ್ನು ಕೊಡಲೂ ಇಲ್ಲ. ನಮ್ಮ ಇನ್ನೊಂದು ಗಾಡಿ 2015ರ ವ್ಯಾನ್. ಇಎಸ್‌ಸಿ ಇದೆ, ಪಕ್ಕದ ಏರ್‌ಬ್ಯಾಗ್ ಇದೆ, ತೂಕವೂ ಇದೆ. ಅದನ್ನು ನಾನು ಓಡಿಸುತ್ತಿದ್ದೆ. ಈಗ ಅದು ತಾಯಿ ಮಗಳದು. "ವ್ಯಾನಾ? ಸ್ಕೂಲಿಗೆ ವ್ಯಾನಲ್ಲಿ ಹೋಗೋದಾ ಅಪ್ಪಾ?" ಎಂದು ಮಗಳು ಮುಖ ಊದಿಸಿಕೊಂಡಳು. ಮೂರು ದಿನದ ನಂತರ ಒಟ್ಟಿಗೆ ಐದು ಜನ ಗೆಳತಿಯರನ್ನು ಕೂರಿಸಬಹುದು ಎಂದು ಅವಳಿಗೆ ಹೊಳೆಯಿತು. ಲೈಸೆನ್ಸ್ ಸಿಕ್ಕ ಮೊದಲ ವರ್ಷ ಮನೆಯವರಲ್ಲದ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವಂತಿಲ್ಲ ಎಂಬ ಓಹಾಯೋ ನಿಯಮವನ್ನು ತೋರಿಸಿದಾಗ ಮತ್ತೆ ಮುಖ ಊದಿತು.

ಹಳೇ ಕಾರು ನನಗೆ. ಆಫೀಸು ಏಳು ಮೈಲಿ, ಊರೊಳಗಿನ ರಸ್ತೆ, ವಾರಕ್ಕೆ ಮೂರು ದಿನ. 1,320 ಡಾಲರಿನ ಎರಡು ಕೆಲಸ ಮಾಡಿಸಿದೆ, ಎಕ್ಸಾಸ್ಟ್ ಪೈಪನ್ನು ಸೆಪ್ಟೆಂಬರಿನಲ್ಲಿ ಮಾಡಿಸಿದೆ, ಸ್ಟ್ರಟ್ ಇನ್ನೂ ಕಿರುಗುಟ್ಟುತ್ತಿದೆ. ಅದರಲ್ಲಿ ಹೆದ್ದಾರಿಗೆ ಹೋಗುವಂತಿಲ್ಲ, ರಾತ್ರಿ ಮನೆಯವರನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಇದು ನನ್ನಾಕೆಯ ಷರತ್ತು. ನನ್ನ ಕಡೆಯಿಂದ ಪುಸ್ತಕದ ಮೊದಲ ಪುಟದಲ್ಲಿ ಮೂರು ಸಾಲು ಬರೆದು ಸಹಿ ಹಾಕಿದ್ದೇನೆ: ಆ ಗುರುತು ಹಾಕಿದ ಮೂಲೆಯಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ, ಒಂದೇ ರಿಪೇರಿಗೆ 1,500 ಮೀರಿದರೆ, ಅಥವಾ ಇನ್ನೊಮ್ಮೆ ದಾರಿಯಲ್ಲಿ ನಿಂತರೆ, ಚರ್ಚೆಯಿಲ್ಲದೆ ಗಾಡಿ ಹೊರಗೆ. ಮುಂಚೆಯೇ ಬರೆದಿಡದಿದ್ದರೆ ಪ್ರತಿ ಸಲ "ಇದೊಂದು ಸಲ ಮಾಡಿಸಿಬಿಡೋಣ" ಎನ್ನುವ ಮನುಷ್ಯ ನಾನು. ಹೊಸ ಕಾರಿನ ಕಂತು ಕಟ್ಟುತ್ತಿದ್ದೇನೆ ಎಂದುಕೊಂಡು ತಿಂಗಳಿಗೆ 400 ಡಾಲರ್ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಆ ದಿನ ಬಂದಾಗ ಅವಸರದಲ್ಲಿ ಡೀಲರ್ ಹೇಳಿದ ಬಡ್ಡಿಗೆ ತಲೆಯಾಡಿಸಬಾರದಲ್ಲ.

ತಂದೆಯವರಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಪೂರ್ತಿ ಕೇಳಿ, "ಆ ಸ್ಟ್ರಟ್ ಅಂದ್ರೆ ಶಾಕ್ ಅಬ್ಸಾರ್ಬರ್ ತಾನೇ? ಅದಕ್ಯಾಕೋ ಅಷ್ಟು ದುಡ್ಡು?" ಎಂದರು.

ಮುಂದಿನ ತಪಾಸಣೆ ನವೆಂಬರ್ ಮೊದಲ ವಾರ, ಉಪ್ಪು ಬೀಳುವುದಕ್ಕೆ ಮುಂಚೆ. ಅದೇ ವಾರ ನಮ್ಮ ರಾಜ್ಯೋತ್ಸವ. ಅಂದು ವ್ಯಾನ್ ಮಗಳ ನೃತ್ಯ ತಂಡದ ಸಾಮಾನು ಹೊತ್ತುಕೊಂಡು ಹೋಗುತ್ತದೆ, ಆದ್ದರಿಂದ ಬಿಸಿಬೇಳೆ ಬಾತಿನ ಎರಡು ದೊಡ್ಡ ಪಾತ್ರೆ ಈ ಹಳೇ ಗಾಡಿಯಲ್ಲೇ ಬರುತ್ತದೆ. ಊರೊಳಗಿನ ರಸ್ತೆಯಲ್ಲೇ ಬರುವುದರಿಂದ ಹದಿನೈದು ನಿಮಿಷ ತಡವಾಗಬಹುದು. ಪುಸ್ತಕದಲ್ಲಿ ನಾನು ಬಳಸುವ ಲೆಕ್ಕದ ಹಾಳೆ ಬೇಕಾದವರು ಅಲ್ಲೇ ಕೇಳಿ, ಕೆಲವು ಪ್ರತಿ ತಂದಿರುತ್ತೇನೆ.